ಪತ್ರೊಡೆಗೆ ಪ್ರಾಸ ಉಂಟೇ?

ಕಡಬದಲ್ಲಿರುವ ನನ್ನ ಮಗಳ ಮಗಳು ಏಳನೆಯ ತರಗತಿಯಲ್ಲಿದ್ದಾಳೆ. ರಜೆಗೆ ಪುತ್ತೂರಿಗೆ ಬಂದವಳು ಶಾಲೆಯ ಪತ್ರಿಕೆಗೆಂದು ಅಜ್ಜಿಯ ಮೇಲೆ ಪದ್ಯ ಬರೆದು ತೋರಿಸಿದಳು. ಅಜ್ಜಿ ತೀರಿಕೊಂಡು ವರ್ಷವಾಯಿತು. ಪದ್ಯದಲ್ಲಿ ಅಜ್ಜಿ ಬಿಸಿಬಿಸಿ ಬಜ್ಜಿ ಕರಿದು ಕೊಡುತ್ತಿದ್ದಳು.

“ಅಜ್ಜಿ ಬಜ್ಜಿ ಮಾಡಿದ್ದು ಯಾವಾಗ ಮಗಾ? ನಿನಗೆ ಮಾಡಿಕೊಡುತ್ತಿದ್ದದ್ದು ಪತ್ರೊಡೆಯಲ್ಲವಾ?” ಎಂದೆ.

“ಹೌದಜ್ಜ. ಆದರೆ ಪತ್ರೊಡೆಗೆ ಪ್ರಾಸ ಸಿಗಬೇಕಲ್ಲ!”

ಆಗ ಅವಳಿಗೆ ನಮ್ಮ ನೆರೆಯ ಮಂಜೇಶ್ವರದ ಗೋವಿಂದ ಪೈಗಳ ಕತೆ ಹೇಳಿದೆ. ಅವರು ಹುಟ್ಟಿದ್ದು 1883ರಲ್ಲಿ. ಹಲವು ಭಾಷೆ ಕಲಿತವರು, ಹಳೆಯ ಛಂದಸ್ಸನ್ನು ಚೆನ್ನಾಗಿ ಬಲ್ಲವರು. ಆಗ ಕನ್ನಡ ಪದ್ಯಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಮೊದಲ ಸಾಲಿನ ಎರಡನೆಯ ಅಕ್ಷರ ‘ಜ್ಜಿ’ ಆದರೆ ಉಳಿದ ಸಾಲುಗಳಲ್ಲೂ ಅದೇ ಜಾಗದಲ್ಲಿ ‘ಜ್ಜ’ಕಾರವೇ ಬರಬೇಕು. ಹೇಳಬೇಕಾದ ಮಾತು ಒಂದು, ಪ್ರಾಸ ಎಳೆಯುವ ಕಡೆ ಇನ್ನೊಂದು! 1911ರಲ್ಲಿ ಪೈಗಳು ಈ ಪ್ರಾಸವನ್ನು ಬಿಟ್ಟರು. ಹಲವರಿಗೆ ಅದು ಸರಿಬರಲಿಲ್ಲ. ಅವರು ಹಿಂಜರಿಯಲಿಲ್ಲ. ಪ್ರಾಸ ಬಿಟ್ಟರೂ ಲಯ ಬಿಡಲಿಲ್ಲ. 1949ರಲ್ಲಿ ಮದ್ರಾಸು ಸರಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. 1963ರಲ್ಲಿ ತೀರಿಕೊಂಡರು.

ಅಮೆರಿಕದಲ್ಲೂ ಅಂಥವರೊಬ್ಬರಿದ್ದರು, ಇ. ಇ. ಕಮಿಂಗ್ಸ್ (1894–1962). ಇಂಗ್ಲಿಷಿನ ದೊಡ್ಡಕ್ಷರಗಳನ್ನು ಎಷ್ಟೋ ಕಡೆ ಕೈಬಿಟ್ಟು, ಪದಗಳನ್ನು ಒಡೆದು ಪುಟದ ತುಂಬ ಚದುರಿಸಿ ಬರೆದರು. ಅವರೂ ನಿಯಮಬದ್ಧ ಸಾನೆಟ್ ಬರೆಯಬಲ್ಲವರೇ. ಇಬ್ಬರೂ ನಿಯಮ ಬಿಟ್ಟದ್ದು ಬಾರದೆ ಅಲ್ಲ, ಬಲ್ಲವರಾಗಿ.

“ಹಾಗಾದರೆ ಪ್ರಾಸ ಬೇಡವಾ?” ಕೇಳಿದಳು.

“ತಾನಾಗಿ ಬಂದರೆ ಬರಲಿ. ನಾನು ಸುಳ್ಯದ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಸಂಜೆ ಲೆಕ್ಕ ತಾಳೆಯಾಗದಿದ್ದರೆ ರಾತ್ರಿಯವರೆಗೂ ಹುಡುಕುತ್ತಿದ್ದೆವು. ತಾಳೆಯಾಗಲಿ ಎಂದು ಇಲ್ಲದ ಅಂಕಿ ಬರೆಯುವಂತಿರಲಿಲ್ಲ. ನಿನ್ನ ಬಜ್ಜಿಯೂ ಅಂಥದೇ ಅಂಕಿ.”

ನಕ್ಕಳು. ಮರುದಿನ ಹೊಸ ಪದ್ಯ ತಂದಳು. ಅದರಲ್ಲಿ ಪತ್ರೊಡೆ ಇತ್ತು. ಕೆಸುವಿನ ಎಲೆ ಮುಟ್ಟಿ ತುರಿಸುತ್ತಿದ್ದ ಅಜ್ಜಿಯ ಕೈಗಳಿದ್ದವು, ಆ ಕೈಗೆ ಅವಳು ಹಚ್ಚಿಕೊಳ್ಳುತ್ತಿದ್ದ ತೆಂಗಿನೆಣ್ಣೆಯೂ ಇತ್ತು. ಪ್ರಾಸ ಎಲ್ಲೂ ಇರಲಿಲ್ಲ.

ಆ ಎಣ್ಣೆಯ ಕುಪ್ಪಿ ಈಗಲೂ ಅಡುಗೆಮನೆಯ ಕಿಟಕಿಯಲ್ಲಿದೆ. ನಾನು ತೆಗೆದಿರಲಿಲ್ಲ. ಅವಳೂ ಅದನ್ನು ನೋಡಿದ್ದಾಳೆಂದು ಪದ್ಯ ಓದಿದ ಮೇಲೆ ತಿಳಿಯಿತು.