ಎರಡು ಗೆರೆಗಳ ಯಜಮಾನ



ಲೆಕ್ಕ ಮಾಡುವಾಗ ದಿನಕ್ಕೆ ಹತ್ತಾರು ಸಲ ಒಂದರ ಕೆಳಗೊಂದು ಎರಡು ಪುಟ್ಟ ಗೆರೆ ಎಳೆಯುತ್ತೀರಿ. 'ಸಮ' ಎಂಬ ಆ ಚಿಹ್ನೆಗೂ ಒಬ್ಬ ಯಜಮಾನನಿದ್ದ ಎಂದು ನಿಮಗೆ ಯಾರಾದರೂ ಹೇಳಿದ್ದಾರೆಯೇ? ಅವನ ಹೆಸರು ರಾಬರ್ಟ್ ರೆಕಾರ್ಡ್.

ವೇಲ್ಸಿನ ಟೆನ್‌ಬಿ ಎಂಬ ಕಡಲತೀರದ ಊರಿನಲ್ಲಿ 1510ರ ಆಸುಪಾಸಿನಲ್ಲಿ ಹುಟ್ಟಿದವನು. ಆಕ್ಸ್‌ಫರ್ಡಿನಲ್ಲಿ ಓದಿದ, 1545ರಲ್ಲಿ ಕೇಂಬ್ರಿಜ್‌ನಿಂದ ವೈದ್ಯ ಪದವಿ ಪಡೆದ. ಆದರೆ ಮನಸ್ಸೆಲ್ಲ ಗಣಿತದಲ್ಲಿ.

ಆಗ ವಿದ್ವಾಂಸರ ಭಾಷೆ ಲ್ಯಾಟಿನ್. ಇಂಗ್ಲಿಷ್ ಏನಿದ್ದರೂ ಮನೆಯ, ಸಂತೆಯ ಮಾತು. ಅದರಲ್ಲಿ ರೇಖಾಗಣಿತ ಬರೆಯುವುದುಂಟೇ? (ಇಂದು ಇಂಗ್ಲಿಷಿನ ದರ್ಬಾರು ನೋಡುವ ನಮಗೆ ನಗು ಬರುತ್ತದೆ, ಅಲ್ಲವೇ?) ರೆಕಾರ್ಡ್ ಹಟ ಹಿಡಿದವನಂತೆ ಇಂಗ್ಲಿಷಿನಲ್ಲೇ ಬರೆದ. 1543ರ ಅವನ ಅಂಕಗಣಿತದ ಪುಸ್ತಕ ಗುರು-ಶಿಷ್ಯರ ಸಂಭಾಷಣೆಯ ರೂಪದಲ್ಲಿದೆ. ಶಿಷ್ಯ ಎಡವುತ್ತಾನೆ, ಗುರು ತಿದ್ದುತ್ತಾನೆ. ನೂರು ವರ್ಷ ಕಳೆದರೂ ಅದು ಮತ್ತೆ ಮತ್ತೆ ಅಚ್ಚಾಗುತ್ತಲೇ ಇತ್ತು.

1551ರಲ್ಲಿ ರೇಖಾಗಣಿತಕ್ಕೆ ಕೈ ಹಾಕಿದಾಗ ಬೇಕಾದ ಪದಗಳೇ ಇಂಗ್ಲಿಷಿನಲ್ಲಿ ಇರಲಿಲ್ಲ. ತಾನೇ ಕಟ್ಟಿದ. ಲಘುಕೋನಕ್ಕೆ 'ಚೂಪು ಮೂಲೆ', ವಿಶಾಲಕೋನಕ್ಕೆ 'ಮೊಂಡು ಮೂಲೆ', ಟ್ಯಾಂಜೆಂಟಿಗೆ 'ಮುಟ್ಟುವ ಗೆರೆ' ಎಂಬ ಅರ್ಥದ ಸೀದಾಸಾದಾ ಮಾತುಗಳು. ಪಾಪ, ಅವು ಉಳಿಯಲಿಲ್ಲ; ಲ್ಯಾಟಿನ್ ಮೂಲದ ಪದಗಳೇ ಗೆದ್ದವು. ಊರಿನಲ್ಲಿ ಕನ್ನಡ ಶಾಲೆಗೆ ಹೋದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಟ್ಯಾಂಜೆಂಟಿಗೆ ಅವರು ಏನೆನ್ನುತ್ತಿದ್ದರೆಂದು ಕೇಳಿ ನೋಡಿ. 'ಸ್ಪರ್ಶಕ' ಎಂದಾರು. ಅದೇ ಮುಟ್ಟುವ ಗೆರೆ!

ಇನ್ನು ನಮ್ಮ ಚಿಹ್ನೆ. 1557ರ ಬೀಜಗಣಿತದ ಪುಸ್ತಕದಲ್ಲಿ 'ಇದು ಅದಕ್ಕೆ ಸಮ' ಎಂದು ಪದೇ ಪದೇ ಬರೆಯುವ ಬೇಸರ ತಪ್ಪಿಸಲು ಎರಡು ಸಮಾಂತರ ಗೆರೆ ಎಳೆದ. ಇವಕ್ಕಿಂತ ಸಮನಾದ ಜೋಡಿ ಇನ್ನೊಂದಿಲ್ಲ ಎಂಬುದು ಅವನು ಕೊಟ್ಟ ಕಾರಣ. ಆ ಚಿಹ್ನೆ ಮತ್ತೊಮ್ಮೆ ಅಚ್ಚಿನಲ್ಲಿ ಕಾಣಿಸಿಕೊಳ್ಳಲು 1618 ಬರಬೇಕಾಯಿತು.

ಇಷ್ಟು ಬಲ್ಲವನಿಗೆ ಅರಮನೆಯ ಕೆಲಸ ಸಿಗದಿದ್ದೀತೇ? 1549ರಲ್ಲಿ ಬ್ರಿಸ್ಟಲ್ ಟಂಕಸಾಲೆಯ ಲೆಕ್ಕ ನೋಡುವ ಅಧಿಕಾರಿಯಾದ. ಅಲ್ಲೇ ತೊಡಕು ಶುರುವಾಯಿತು. ದಂಗೆ ಅಡಗಿಸಲು ಹೊರಟಿದ್ದ ವಿಲಿಯಂ ಹರ್ಬರ್ಟ್ ಎಂಬ ಪ್ರಭಾವಿ ಸರದಾರನ ಸೇನೆಗೆ ರಾಜನ ಹಣ ಬೇಕಾಯಿತು. ರಾಜನ ಅಪ್ಪಣೆ ಇಲ್ಲದೆ ಕೊಡೆನೆಂದ ರೆಕಾರ್ಡ್. ಬಂದದ್ದು ರಾಜದ್ರೋಹದ ಆರೋಪ, 60 ದಿನಗಳ ಬಂಧನ. ಬಿಡುಗಡೆಯಾದ ಮೇಲೆ, 1551ರಲ್ಲಿ, ಐರ್ಲೆಂಡಿನ ಬೆಳ್ಳಿ ಗಣಿಗಳ ಮೇಲ್ವಿಚಾರಣೆಗೆ ಕಳಿಸಿದರು. ಅಲ್ಲಿ ಲಾಭವೂ ಬರಲಿಲ್ಲ, ಅವನ ಸಂಬಳವೂ ಬಾಕಿ ಉಳಿಯಿತು.

ಅಷ್ಟರಲ್ಲಿ ಹರ್ಬರ್ಟ್ ಪೆಂಬ್ರೋಕಿನ ಅರ್ಲ್ ಆಗಿದ್ದ. 1556ರಲ್ಲಿ ರೆಕಾರ್ಡ್ ಅವನ ಮೇಲೆಯೇ ಅಕ್ರಮದ ದೂರು ಕೊಟ್ಟ. ಬಲ್ಲಿದನೊಡನೆ ಸೆಣಸು! ಅರ್ಲ್ ಮಾನನಷ್ಟದ ದಾವೆ ಹೂಡಿ ಗೆದ್ದ. ದಂಡ 1,000 ಪೌಂಡ್. ಎಲ್ಲಿಂದ ತರಬೇಕು? ಸಮಚಿಹ್ನೆಯ ಪುಸ್ತಕ ಹೊರಬಂದ ಮರುವರ್ಷ, 1558ರಲ್ಲಿ, ಲಂಡನ್ನಿನ ಕಿಂಗ್ಸ್ ಬೆಂಚ್ ಸೆರೆಮನೆಯಲ್ಲೇ ತೀರಿಕೊಂಡ.

ಐರ್ಲೆಂಡಿನ ಸೇವೆಯ ಬಾಕಿ ಅವನ ವಾರಸುದಾರರಿಗೆ ಸಂದದ್ದು 1570ರಲ್ಲಿ.