ತಪಸ್ಸು ಕಾಲವೂ ಉಗಾದಿಯ ಲೆಕ್ಕವೂ

ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ಆಚರಿಸುವ ವ್ರತಕಾಲಕ್ಕೆ ಒಂದೊಂದು ಭಾಷೆ ಒಂದೊಂದು ಹೆಸರಿಟ್ಟಿದೆ. ಲ್ಯಾಟಿನ್ ಭಾಷೆ ದಿನಗಳನ್ನೆಣಿಸಿ ನಲವತ್ತು ಎಂದಿತು. ಇಂಗ್ಲಿಷಿನ ಲೆಂಟ್ ಎಂಬ ಮಾತಿನ ಬೇರಿನಲ್ಲಿರುವುದು ವಸಂತ, ಹಗಲು ನೀಳವಾಗುವ ಋತು. ಕನ್ನಡದ ಕಥೋಲಿಕರು ಅದನ್ನು ತಪಸ್ಸು ಕಾಲವೆಂದು ಕರೆದರು. ತಪಸ್ಸೆಂದರೆ ಕಾಯುವುದು, ಕಾಯಿಸಿಕೊಳ್ಳುವುದು, ಬೆಂಕಿಯಲ್ಲಿ ಹಾಯ್ದು ಶುದ್ಧವಾಗುವುದು. ಮೂರು ಹೆಸರುಗಳಲ್ಲಿ ನಮ್ಮದೇ ಹೆಚ್ಚು ಭಾರವಾದುದು. ಅಷ್ಟು ದೊಡ್ಡ ಹೆಸರನ್ನು ಹೊತ್ತ ಮೇಲೆ ಅದಕ್ಕೆ ತಕ್ಕ ಆಚರಣೆ ನಮ್ಮಲ್ಲಿದೆಯೆ ಎಂದು ಕೇಳಿಕೊಳ್ಳುವುದು ಅನುಚಿತವಾಗದು.

ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ ನಲವತ್ತಾರು ದಿನಗಳು. ನಡುವಣ ಆರು ಭಾನುವಾರಗಳನ್ನು ಕಳೆದರೆ ನಲವತ್ತು ಉಳಿಯುತ್ತವೆ. ಯೇಸುಸ್ವಾಮಿ ಅರಣ್ಯದಲ್ಲಿ ಉಪವಾಸವಿದ್ದ ದಿನಗಳೂ ನಲವತ್ತೆ. ಮೊದಲ ದಿನ ಹಣೆಗೆ ಹಚ್ಚುವ ಬೂದಿಯನ್ನು ಹಿಂದಿನ ವರ್ಷ ಗರಿಗಳ ಭಾನುವಾರದಲ್ಲಿ ಹಂಚಿದ ಗರಿಗಳನ್ನು ಸುಟ್ಟು ಮಾಡುವುದು ವಾಡಿಕೆ. ಜಯಘೋಷದ ಗರಿಯೇ ಬೂದಿಯಾಗಿ ಬರುತ್ತದೆ. ಇದಕ್ಕಿಂತ ಚೊಕ್ಕಟವಾದ ಪಾಠವನ್ನು ಯಾವ ಉಪನ್ಯಾಸಕನೂ ಹೇಳಲಾರ.

ಆದರೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಂಥ ತಾಲ್ಲೂಕುಗಳಲ್ಲಿ ಬೂದಿಯನ್ನಾಗಲಿ ಉಪವಾಸವನ್ನಾಗಲಿ ಹೊಸದಾಗಿ ಕಲಿಸಬೇಕಾದವರು ಯಾರೂ ಇಲ್ಲ. ಇಲ್ಲಿಯ ಹಣೆಗಳು ವಿಭೂತಿಯನ್ನು ಬಲ್ಲವು. ೨೦೨೫ರಲ್ಲಿ ಫೆಬ್ರವರಿ ೨೬ರಂದು ಶಿವರಾತ್ರಿ, ಮಾರ್ಚ್ ೨ರಂದು ರಮ್ಜಾನಿನ ಮೊದಲ ರೋಜಾ, ಮಾರ್ಚ್ ೫ರಂದು ಬೂದಿ ಬುಧವಾರ ಬಂದವು. ಎಂಟು ದಿನಗಳೊಳಗೆ ಒಂದೇ ಪೇಟೆಯ ಮೂರು ಸಮುದಾಯಗಳು ಅನ್ನವನ್ನು ದೂರವಿಟ್ಟು ದೇವರನ್ನು ನೆನೆದವು. ಇಂಥ ನೆರೆಹೊರೆಯಲ್ಲಿ ಅಲ್ಪಸಂಖ್ಯೆಯ ಕ್ರೈಸ್ತರು ತಮ್ಮ ವ್ರತದಿಂದ ಹೇಳಬೇಕಾದ ಮಾತು ಯಾವುದು? ಉಪವಾಸ ಮಾಡುತ್ತೇವೆಂಬುದು ಹೇಳತಕ್ಕ ಸುದ್ದಿಯಲ್ಲ. ಮಾಂಸ ಬಿಟ್ಟೆವೆಂಬುದಂತೂ ಹುಟ್ಟಿದಂದಿನಿಂದ ಮಾಂಸವನ್ನೇ ಮುಟ್ಟದ ನೆರೆಯವನ ಮುಂದೆ ನಗೆಗೀಡಾಗುವ ಮಾತು. ವಾರಕ್ಕೊಮ್ಮೆಯೂ ಅದನ್ನು ಕೊಳ್ಳಲಾರದ ಕೂಲಿಯವನಿಗೆ ಅದು ತ್ಯಾಗವೂ ಅಲ್ಲ.

ಧರ್ಮಸಭೆಗೆ ಇದು ತಿಳಿಯದ ಸಂಗತಿಯಲ್ಲ. ೧೯೬೬ರ ಫೆಬ್ರವರಿಯಲ್ಲಿ ಪೋಪ್ ಆರನೆಯ ಪೌಲರು ಉಪವಾಸದ ಹಳೆಯ ಕಟ್ಟಳೆಗಳನ್ನು ಸಡಿಲಿಸಿದರು. ಕಡ್ಡಾಯ ಉಪವಾಸ ಬೂದಿ ಬುಧವಾರಕ್ಕೂ ಶುಭ ಶುಕ್ರವಾರಕ್ಕೂ ಸೀಮಿತವಾಯಿತು. ಇದನ್ನು ಅನೇಕರು ಬರಿಯ ರಿಯಾಯಿತಿಯೆಂದು ತಿಳಿದರು. ಆದರೆ ಅದೇ ಶಾಸನದಲ್ಲಿ ಇನ್ನೊಂದು ವಿವೇಕವಿತ್ತು. ಸಂಪನ್ನ ದೇಶದವರು ತಮ್ಮ ಭೋಗವನ್ನು ಮೊಟಕುಮಾಡಿ ಬಡವರಿಗೆ ನೆರವಾಗಲಿ; ಬಡತನವೇ ನೆಲಸಿರುವಲ್ಲಿ ಜನರು ಸಾಮಾಜಿಕ ನ್ಯಾಯಕ್ಕಾಗಿ ದುಡಿಯುತ್ತ, ತಮ್ಮ ಕಷ್ಟವನ್ನೇ ಪ್ರಾರ್ಥನೆಯಾಗಿ ಅರ್ಪಿಸಲಿ ಎಂಬುದು ಅದರ ಭಾವ. ಹಸಿವು ಹೇರಿಕೆಯಾಗಿರುವಲ್ಲಿ ಹಸಿವನ್ನು ಸಾಧನೆಯೆಂದು ಬೋಧಿಸಬಾರದು. ಆ ಹೇರಿಕೆಯನ್ನು ಇಳಿಸುವುದೇ ಸಾಧನೆ.

ಹಾಗಾದರೆ ಈ ನಾಡಿನ ತಪಸ್ಸು ಯಾವುದು? ಉತ್ತರ ಪಂಚಾಂಗದಲ್ಲಿಯೇ ಇದೆಯೆಂದು ನನ್ನ ನಂಬಿಕೆ. ವಸಂತದ ಹುಣ್ಣಿಮೆಯ ಬಳಿಕದ ಭಾನುವಾರ ಈಸ್ಟರ್. ಆ ಹುಣ್ಣಿಮೆ ಹೆಚ್ಚಿನ ವರ್ಷಗಳಲ್ಲಿ ಚೈತ್ರದ್ದು. ಆದಕಾರಣ ಅದಕ್ಕೆ ಎರಡು ವಾರ ಮುಂಚಿನ ಉಗಾದಿ ತಪಸ್ಸು ಕಾಲದೊಳಗೇ ಬೀಳುತ್ತದೆ. ಉಗಾದಿಯೆಂದರೆ ಬೇವು ಬೆಲ್ಲ ಮಾತ್ರವಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದು ಲೆಕ್ಕದ ದಿನ. ಹಾನಗಲ್ಲಿನ ಭತ್ತ, ಹಿರೇಕೆರೂರಿನ ಗೋವಿನಜೋಳ, ಶಿಗ್ಗಾವಿ ಸವಣೂರುಗಳ ಹತ್ತಿ ಮನೆಗೆ ಬಂದು ಮಾರಾಟವಾಗಿ, ವರ್ಷದ ಆಳು ತನ್ನ ಸಂಬಳದ ಬಾಕಿಯನ್ನು ಕೇಳುವ ಹೊತ್ತು. ಮುಂಗಡ ಹರಿಯಿತೆ, ಹರಿಯದೆ ಮುಂದಿನ ವರ್ಷಕ್ಕೂ ಅವನನ್ನು ಕಟ್ಟಿಹಾಕಿತೆ ಎಂಬುದು ಅಂದು ತೀರ್ಮಾನವಾಗುತ್ತಿತ್ತು. ಜೀತವನ್ನು ೧೯೭೬ರ ಕಾಯಿದೆ ರದ್ದುಗೊಳಿಸಿದೆ. ವರ್ಷದ ಆಳಿನ ಪದ್ಧತಿ ಸಡಿಲಾಗಿ ದಿನಗೂಲಿಯೂ ಗುತ್ತಿಗೆಯೂ ಬೆಳೆದಿವೆ. ಆದರೂ ಬಾಕಿ ಉಳಿಸಿಕೊಳ್ಳುವ ಕೈ, ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಎಣಿಸಿಕೊಡುವ ಕೈ ಕಾಯಿದೆಯ ಪುಸ್ತಕದಿಂದ ಮಾಯವಾಗುವಂಥದಲ್ಲ.

ಬೈಬಲ್ಲು ಈ ಕೈಯನ್ನು ಚೆನ್ನಾಗಿ ಬಲ್ಲುದು. ಉಪವಾಸದ ದಿನವೇ ಆಳುಗಳನ್ನು ಹಿಂಡುವವರನ್ನು ಪ್ರವಾದಿ ಯೆಶಾಯನು ನಿಷ್ಠುರವಾಗಿ ಖಂಡಿಸುತ್ತಾನೆ; ನೊಗದ ಕಣ್ಣಿಯನ್ನು ಕಳಚುವುದೇ ದೇವರು ಮೆಚ್ಚುವ ಉಪವಾಸವೆಂಬುದು ಅವನ ವಾದ. ಕೊಡದೆ ಉಳಿಸಿಕೊಂಡ ಕೂಲಿಗೆ ತಾನಾಗಿಯೇ ಕೂಗುವ ಬಾಯಿದೆಯೆನ್ನುತ್ತದೆ ಯಾಕೋಬನ ಪತ್ರಿಕೆ. ಸುಂಕದ ಜಕ್ಕಾಯನ ಮನೆಗೆ ಯೇಸು ಬಂದಾಗ ಆತನು ಯಾವ ಊಟವನ್ನೂ ಬಿಡಲಿಲ್ಲ. ಲೆಕ್ಕದ ಪುಸ್ತಕವನ್ನು ಬಿಚ್ಚಿದನು. ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟನ್ನು ಹಿಂದಿರುಗಿಸುವೆನೆಂದನು. ಆ ಮನೆಗೆ ರಕ್ಷಣೆ ಬಂದುದು ಆ ದಿನವೇ.

ಇದಕ್ಕೆ ಎರಡು ಆಕ್ಷೇಪಗಳುಂಟು. ತಪಸ್ಸು ಅಂತರಂಗದ ವಿಷಯ, ಅದನ್ನು ಕೂಲಿಯ ಕಚೇರಿಗೆ ಎಳೆಯಬಾರದೆಂಬುದು ಮೊದಲನೆಯದು. ಅಂತರಂಗವನ್ನು ಅಲ್ಲಗಳೆಯುವವರಾರು? ಬೂದಿ ಹಚ್ಚುವ ದಿನವೇ ಓದುವ ಸುವಾರ್ತೆ, ಉಪವಾಸಿಯು ಮುಖ ತೊಳೆದುಕೊಂಡು ತನ್ನ ವ್ರತವನ್ನು ಜನರ ಕಣ್ಣಿನಿಂದ ಮರೆಮಾಡಲೆಂದು ವಿಧಿಸುತ್ತದೆ. ಆದರೆ ಅದೇ ಅಧ್ಯಾಯದಲ್ಲಿ ಪ್ರಾರ್ಥನೆ, ಉಪವಾಸ, ದಾನಗಳು ಒಂದೇ ಹುರಿಯ ಮೂರು ಎಳೆಗಳಾಗಿ ಬಂದಿವೆ. ಐದನೆಯ ಶತಮಾನದ ಮಹಾ ಲಿಯೋ ಪೋಪರು ವ್ರತಿಯು ಬಿಟ್ಟ ತುತ್ತು ಬಡವನ ತುತ್ತಾಗಬೇಕೆಂದು ಬೋಧಿಸಿದರು. ಬಿಟ್ಟ ತುತ್ತು ಬಿಟ್ಟವನ ಮನೆಯ ಗಡಿಗೆಯಲ್ಲಿಯೇ ಉಳಿದರೆ ಅದು ಮಿತವ್ಯಯವಾದೀತು, ತಪಸ್ಸಾಗದು.

ಇಲ್ಲಿಯ ಕ್ರೈಸ್ತರಲ್ಲಿ ಬಹುಮಂದಿ ತಾವೇ ದುಡಿಯುವವರು, ಅವರು ಯಾರ ಬಾಕಿಯನ್ನು ತೀರಿಸಬೇಕು ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಸತ್ಯವಿದೆ. ಆದರೆ ಹೆಂಡತಿಯ ಕೂಲಿಯನ್ನು ಸಾರಾಯಿಗೆ ಕೊಟ್ಟುಬರುವ ಗಂಡನಿಗೂ ಒಂದು ಲೆಕ್ಕವಿದೆ. ಅದಕ್ಕಿಂತ ದೊಡ್ಡ ಲೆಕ್ಕ ಸಂಸ್ಥೆಗಳದು. ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದ ೧೮೩೭ರಿಂದ ಈ ಸೀಮೆಯ ಕ್ರೈಸ್ತಧರ್ಮ ಶಾಲೆಯೊಡನೆ ಬೆಳೆದಿದೆ. ಬೆಳಗಾವಿ ಧರ್ಮಪ್ರಾಂತ್ಯವಾದ ೧೯೫೩ರಿಂದೀಚೆಗೂ ಅದೇ ದಾರಿ. ದೇವರ ಹೆಸರಿನಲ್ಲಿ ನಡೆಯುವ ಯಾವುದೇ ಸಂಸ್ಥೆ, ಅದು ಚರ್ಚಿನದಾಗಲಿ, ಮಠದ್ದಾಗಲಿ, ತನ್ನ ಅಡುಗೆಯವಳಿಗೂ ಕಾವಲುಗಾರನಿಗೂ ಕಿರಿಯ ಶಿಕ್ಷಕನಿಗೂ ತಕ್ಕ ಸಂಬಳವನ್ನು ತಕ್ಕ ದಿನ ಕೊಡುತ್ತಿದೆಯೆ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಂಡರೆ, ಆ ಪರೀಕ್ಷೆಗೆ ನಲವತ್ತು ದಿನ ಸಾಲದಿರಲೂಬಹುದು. ಭಾರತದ ಧರ್ಮಾಧ್ಯಕ್ಷರು ೧೯೬೨ರಲ್ಲಿ ಸ್ಥಾಪಿಸಿದ ಕಾರಿತಾಸ್ ಪ್ರತಿ ತಪಸ್ಸು ಕಾಲದಲ್ಲಿಯೂ ಕಾಣಿಕೆಯ ಅಭಿಯಾನ ನಡೆಸುತ್ತದೆ. ಅದು ಸ್ತುತ್ಯವೇ. ಆದರೆ ಕಾಣಿಕೆ ಬಾಕಿಗೆ ಬದಲಿಯಾಗಬಾರದು. ಕೊಡಬೇಕಾದುದನ್ನು ಕೊಟ್ಟ ಮೇಲೆ ಕೊಡುವುದಕ್ಕೆ ದಾನವೆಂದು ಹೆಸರು.

ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ತಮ್ಮ ರಾಮಧಾನ್ಯಚರಿತ್ರೆಯಲ್ಲಿ ಉಳ್ಳವರ ಭತ್ತವನ್ನೂ ಇಲ್ಲದವರ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದರು. ಸೆರೆ ಬಿಡಿಸಿದಾಗ ಭತ್ತ ಕುಂದಿತ್ತು, ರಾಗಿ ಗಟ್ಟಿಯಾಗಿತ್ತು. ತಪಸ್ಸು ಕಾಲವೂ ಅಂಥದೊಂದು ಸೆರೆ. ನಮ್ಮ ಭಕ್ತಿಯ ಕಾಳನ್ನು ನಲವತ್ತು ದಿನ ಅದರಲ್ಲಿ ಹಾಕಿಡುತ್ತೇವೆ. ಈಸ್ಟರಿನ ಬೆಳಗ್ಗೆ ಬಾಗಿಲು ತೆರೆದಾಗ ಅದು ಹುಳಿತಿದೆಯೊ ಗಟ್ಟಿಯಾಗಿದೆಯೊ ಎಂಬುದನ್ನು ವ್ರತ ಮಾಡಿದವರು ಹೇಳಿದರೆ ಸಾಲದು; ಉಗಾದಿಯ ದಿನ ಅವರ ಅಂಗಳದಲ್ಲಿ ನಿಂತು ಲೆಕ್ಕ ಕೇಳಿದ ಆಳು ಹೇಳಬೇಕು.