ಚಹಾದಂಗಡಿಗೆ ವೈಫೈ ಬೇಡವೇ?

ತೆಲಿಗಿಯಲ್ಲಿ ಸಿಗ್ನಲ್ ಕೈಕೊಟ್ಟರೆ ನಾವು ಸುದ್ದಿ ಕಳಿಸಲು ಹರಪನಹಳ್ಳಿಗೆ ಓಡುತ್ತೇವೆ, ವಿಡಿಯೊ ಇದ್ದರೆ ದಾವಣಗೆರೆಗೆ. ಅಲ್ಲಿನ ಕಾಫಿ ಶಾಪುಗಳ ರುಚಿಯೆಲ್ಲ ನೋಡಿಯಾಯ್ತು. ಒಂದು ಕಡೆ ಕಾಫಿ ಚೆಂದ, ವೈಫೈ ಸತ್ತಿತ್ತು. ಇನ್ನೊಂದು ಕಡೆ ಬಿಲ್ ಕಟ್ಟಿದ ಮೇಲಷ್ಟೇ ಪಾಸ್‌ವರ್ಡ್, ಅರ್ಧ ಗಂಟೆಗೆ ಕಟ್. ಕಪ್ಪಿನ ದುಡ್ಡಿಗೆ ನಾಲ್ಕು ಜನ ಮಂಡಕ್ಕಿ-ಮಿರ್ಚಿ ತಿನ್ನಬಹುದಿತ್ತು, ಇರಲಿ.

1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಶುರುವಾದದ್ದೇ ಇಂಟರ್‌ನೆಟ್ ಕೆಫೆಯಾಗಿ. ನಮ್ಮೂರಿಗೆ ಅದು ಇನ್ನೂ ಬರಬೇಕಂತೆ!

2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಪಿಎಂ-ವಾಣಿಗೆ ಒಪ್ಪಿಗೆ ಕೊಟ್ಟಿತು. ಚಹಾದಂಗಡಿ, ಕಿರಾಣಿಯವರು ಲೈಸೆನ್ಸ್ ಇಲ್ಲದೆ ವೈಫೈ ಮಾರಬಹುದು. ನಾವು ಮಾತಾಡಿಸಿದ ಯಾವ ಅಂಗಡಿಯವರಿಗೂ ಇದು ಗೊತ್ತಿಲ್ಲ. ಪರೀಕ್ಷೆಯ ಅರ್ಜಿ ತುಂಬಲು ನಮ್ಮ ಹುಡುಗರು ಬಸ್ ಹತ್ತುತ್ತಲೇ ಇದ್ದಾರೆ. ಮುಂದಿನ ಗ್ರಾಮಸಭೆಗೆ ಬನ್ನಿ, ಒಟ್ಟಿಗೆ ಕೇಳೋಣ: ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಫೈಬರ್ ಯಾವಾಗ?